ಅಕ್ಕನ ಬುದ್ಧಿಯ ವಯಸ್ಸು

ಮರದ ಆಟಿಕೆಗಳ ಹೊಸ ಬಣ್ಣದ ವಾಸನೆ ಬಂದರೆ ಈಗಲೂ ನನಗೆ ವಿಜಯಪುರದ ಆ ಮಧ್ಯಾಹ್ನ ನೆನಪಾಗುತ್ತದೆ. ಹದಿನೆಂಟರ ಅಕ್ಕನ ಮುಂದೆ ಡಾಕ್ಟರು ಬಣ್ಣದ ಮರದ ತುಂಡುಗಳನ್ನಿಟ್ಟು ಜೋಡಿಸಲು ಹೇಳಿದರು. ಏನೇನೋ ಪ್ರಶ್ನೆ ಕೇಳಿದರು. ಕೊನೆಗೆ ಅವ್ವನಿಗೆ, "ನೋಡ್ರಿ, ಇಕಿ ಬುದ್ಧಿಗೆ ಇನ್ನೂ ಏಳ ವರ್ಷರಿ" ಎಂದರು.

ಆಗ ನನಗೂ ಏಳೇ. ನಮ್ಮೂರು ಸಾರವಾಡಕ್ಕೆ ಮರಳುವ ಬಸ್ಸಿನಲ್ಲಿ, "ಯವ್ವಾ, ಅಕ್ಕ ಇನ್ನ ನನ್ನ ವಾರಿಗಿಯಾಕಿ!" ಎಂದು ಕುಣಿದೆ. ಅವ್ವ ಕಿಟಕಿಯತ್ತ ಮುಖ ತಿರುಗಿಸಿದಳು.

ಊರಲ್ಲಿ ಇಳಿಯುವಾಗ ನನ್ನ ಚಪ್ಪಲಿ ಹರಿಯಿತು. ಕಾದ ಡಾಂಬರಿನ ಮೇಲೆ ಕಾಲಿಡಲಾಗದೆ ಅತ್ತೆ. ಯಾರೂ ಹೇಳದಿದ್ದರೂ ಅಕ್ಕ ನನ್ನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ತನ್ನ ಓಢಣಿಯಿಂದ ನನ್ನ ತಲೆ ಮುಚ್ಚಿದಳು. ಮನೆ ಮುಟ್ಟುವವರೆಗೂ ಇಳಿಸಲಿಲ್ಲ.

ಹಿಂದಿನಿಂದ ಅವ್ವನ ದನಿ ಕೇಳಿತು: "ಏಳ ವರ್ಷದ ಕೂಸು ಇನ್ನೊಂದ ಏಳ ವರ್ಷದ ಕೂಸಿನ್ನ ಹಿಂಗ ಹೊರ್ತೈತೇನು?"