ಎಂಟರಲ್ಲಿ ಏಳು

ಪರೀಕ್ಷೆಯ ಮುನ್ನಾದಿನ ಪಿಯು ಕಾಲೇಜಿನ ಗಣಿತದ ಮೇಷ್ಟ್ರು ಮಗಳನ್ನು ದೇವರ ಮುಂದೆ ನಿಲ್ಲಿಸಿ, ಅವಳು ಗಣಿತದಲ್ಲಿ ಪಾಸಾಗುತ್ತಾಳೋ ಇಲ್ಲವೋ ಎಂದು ಹೂ ಕೇಳಿಸಿದರು. ಬಲಕ್ಕೆ ಬಿದ್ದರೆ ಪಾಸು.

ಮೊದಲ ಹೂ ಎಡಕ್ಕೆ ಬಿತ್ತು. ಎರಡನೆಯದೂ ಎಡಕ್ಕೇ.

"ಸಾಕಾ ಮೇಷ್ಟ್ರೇ?" ಎಂದರು ಅರ್ಚಕರು.

"ಇನ್ನೊಂದ್ಸಲ ಕೇಳಿ ಸ್ವಾಮಿ. ಮೂರು ಸಲದಲ್ಲಿ ಒಂದ್ಸಲನಾದ್ರೂ ಬಲಕ್ಕೆ ಬೀಳೋ ಸಂಭವ ಎಂಟರಲ್ಲಿ ಏಳು. ಈಗ ಬಿದ್ದೇ ಬೀಳುತ್ತೆ!"

"ಅಪ್ಪಾ, ಎರಡು ಆಗ್ಲೇ ಬಿದ್ದಾಯ್ತಲ್ಲ," ಎಂದಳು ಮಗಳು ಮೆಲ್ಲಗೆ. "ಮೂರನೇ ಹೂವಿಗೆ ಅದೆಲ್ಲ ಏನ್ ಗೊತ್ತು? ಈಗ ಎರಡರಲ್ಲಿ ಒಂದೇ."

ಮೇಷ್ಟ್ರು ಬೆರಳು ಮಡಿಚಿ ಎಣಿಸತೊಡಗಿದರು.

ಅರ್ಚಕರು ಮೂರನೆಯ ಹೂವನ್ನು ಭಕ್ತಿಯಿಂದ ದೇವರ ಮುಡಿಗಿಟ್ಟರು.

"ಮಗು ಪಾಸಾಗ್ತಾಳೆ ಬಿಡಿ. ಇದನ್ನ ನಿಮ್ಮ ಹೆಸರಲ್ಲಿ ಕೇಳ್ಲಾ?"