ಮುಖ ಕೆರೆದ ಚಿತ್ರ

ಹಳೆಯ ಕಾಗದದ ಮುಗ್ಗುವಾಸನೆ ಬಂದರೆ ನನಗೆ ಈಗಲೂ ನಾವಿದ್ದ ಪರದೇಶದ ಊರು ಅರೋರಾದ ಆ ಫ್ರೇಮ್ ಅಂಗಡಿಯ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ತೀರಿಕೊಂಡ ಮರುವರ್ಷ ಅಪ್ಪ ಮೈಸೂರಿಗೆ ಹೋಗಿ ಇನ್ನೊಂದು ಮದುವೆಯಾಗಿ ಬಂದಿದ್ದರು. ಹಾಗೆ ಅಪ್ಪನ ಜೊತೆ ಬಂದವರನ್ನು ನಾನು ಚಿಕ್ಕಮ್ಮ ಅನ್ನುತ್ತಿದ್ದೆ. ಅವರು ಆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನನಗಾಗ ಒಂಬತ್ತು ವರ್ಷ. ಹಿಮ ಬಿದ್ದು ಶಾಲೆಗೆ ರಜೆಯಾಗಿದ್ದರಿಂದ ಅವರ ಜೊತೆ ಹೋಗಿದ್ದೆ.

ಚಿಕ್ಕಮ್ಮ ಚೌಕಟ್ಟು ಹಾಕುತ್ತಿದ್ದ ಹಳೆಯ ಅಚ್ಚುಚಿತ್ರದಲ್ಲಿ ಒಬ್ಬ ಮನುಷ್ಯ ಕುದುರೆಯ ಮೇಲೆ ಕೂತಿದ್ದ. ಕಾಗದ ಬಟ್ಟೆಯಂತೆ ದಪ್ಪಗಿತ್ತು, ಶಾಯಿಯ ಗೆರೆಗಳು ಬೆರಳಿಗೆ ತಾಗುತ್ತಿದ್ದವು. ಅಂಗಡಿಯ ವಯಸ್ಸಾದ ಮಾಲೀಕರು ಅದರ ಕಥೆ ಹೇಳಿದರು. ಮುನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಯುದ್ಧವಾಗಿ, ಸೋತ ರಾಜನ ತಲೆ ಕಡಿದರಂತೆ. ಆಮೇಲೆ ಈ ಚಿತ್ರ ಅಚ್ಚು ಹಾಕುವ ತಾಮ್ರದ ತಗಡಿನಲ್ಲಿದ್ದ ರಾಜನ ಮುಖವನ್ನಷ್ಟೇ ಕೆರೆದು, ಗೆದ್ದ ಸೇನಾಪತಿಯ ಮುಖ ಕೊರೆದು, ಮತ್ತೆ ಅಚ್ಚು ಹಾಕಿ ಮಾರಿದರಂತೆ.

"ಕುದುರೆ ಅದೇ, ಮೈ ಅದೇ, ಬಟ್ಟೇನೂ ಅದೇ," ಎಂದು ಅವರು ನಕ್ಕರು.

ಚಿಕ್ಕಮ್ಮನಿಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನಾನು ಅಂದು ಬೇಕೆಂದೇ ಕನ್ನಡದಲ್ಲಿ ಹೇಳಿದೆ: "ನಿಮ್ ಥರಾನೇ ಚಿಕ್ಕಮ್ಮ. ನೀವೂ ಅಮ್ಮನ ಕೋಟು ಹಾಕ್ಕೊಂಡ್ ಬಂದಿದ್ದೀರಲ್ಲ."

ಗಾಜು ಒರೆಸುತ್ತಿದ್ದ ಅವರ ಕೈ ನಿಂತಿತು. "ಹೂಂ ಪುಟ್ಟಿ," ಎಂದಷ್ಟೇ ಅಂದು ಕೆಲಸ ಮುಗಿಸಿದರು.

ಸಂಜೆ ಹೊರಡುವಾಗ ಆ ಕೋಟನ್ನು ಮಡಿಸಿ ನನ್ನ ಕೈಗೆ ಕೊಟ್ಟರು. "ಇದನ್ನ ನೀನೇ ಇಟ್ಕೋ. ಅಪ್ಪಂಗೇನೂ ಹೇಳೋದ್ ಬೇಡ."

ಯಂಗ್ ಸ್ಟ್ರೀಟಿನ ಬಸ್‌ಸ್ಟಾಪಿನಲ್ಲಿ ಅವರು ಬರೀ ಸ್ವೆಟರಿನಲ್ಲಿ ನಡುಗುತ್ತ, ನನಗೆ ಗಾಳಿ ತಾಗದಂತೆ ಅಡ್ಡ ನಿಂತಿದ್ದರು. ನಾನು ಕೋಟನ್ನು ಅವುಚಿಕೊಂಡು ನಿಂತಿದ್ದೆ. ಬಸ್ಸು ಬರುವ ತನಕವೂ ಅದನ್ನು ಅವರಿಗೆ ಕೊಡಲಿಲ್ಲ.