ಮಸ್ಕತ್ತಿಗೆ ಹೋದ ಗುಜರಿ

"ಎಲ್ರೂ ಬೆಲೆ ಕಮ್ಮಿ ಬರೀರಿ ಅಂತಾರೆ ಸಾರ್. ಜಾಸ್ತಿ ಬರೀರಿ ಅಂದೋರು ನೀವೊಬ್ರೇ," ಎಂದು ಖಾದರ್ ಬಾಷಾ ಪೆನ್ನನ್ನು ಮೇಜಿನ ಮೇಲಿಟ್ಟ.

ಆರ್.ಟಿ. ನಗರದ ಅವನ ಕೊರಿಯರ್ ಅಂಗಡಿಯಲ್ಲಿ ರಘುನಾಥನ ಹಳೆಯ ಕಂಪ್ಯೂಟರ್ ರಟ್ಟಿನ ಪೆಟ್ಟಿಗೆಯೊಳಗೆ ಕೂತಿತ್ತು. ಕೆಂಪಾಪುರದಲ್ಲಿ ರಘುನಾಥ ನಡೆಸುವ ಪಿ.ಜಿ. ಹಾಸ್ಟೆಲ್ಲಿನಲ್ಲಿ ವರ್ಷಗಟ್ಟಲೆ ದುಡಿದು ಸತ್ತ ಯಂತ್ರ ಅದು. ಹೊರಟಿದ್ದು ಮಸ್ಕತ್ತಿಗೆ, ಅವನ ತಂಗಿ ಶಶಿರೇಖಾಳ ಹೆಸರಿಗೆ.

"ಹೊಸದು ಅಂತಾನೇ ಬರಿಯಪ್ಪಾ. ಅಂಗಡಿ ಬೆಲೆ ಹಾಕು."

"ಹಳೇ ಮಾಲಿಗೆ ಹೊಸ ಬೆಲೆ ಹಾಕಿದ್ರೆ ಅಲ್ಲಿ ಕಸ್ಟಮ್ಸ್‌ನೋರು ಹಿಡ್ಕೋತಾರೆ ಸಾರ್. ಸುಂಕ ಕಟ್ಟಿ, ವಿವರ ಕೊಡಿ ಅಂತ ದಿನಾ ಅಲೆಸ್ತಾರೆ. ತಗೊಳ್ಳೋರಿಗೆ ಕಷ್ಟ."

"ಅಲೀಲಿ ಬಿಡು. ಪುಕ್ಕಟೆ ಸಿಗ್ಬೇಕು ಅಂದ್ರೆ ಅಷ್ಟೂ ಮಾಡ್ದಿದ್ರೆ ಹೆಂಗೆ?"

ಖಾದರ್ ಬಾಷಾ ಪೆನ್ನೆತ್ತಿಕೊಂಡು ಹೇಳಿದ ಬೆಲೆಯನ್ನೇ ಬರೆದ.

ರಘುನಾಥನ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಬಗೆಯ ಜನ. ಅವನ ಮುಂದೆ ಕೈ ಚಾಚುವವರು, ಚಾಚಲು ಹೊಂಚು ಹಾಕುತ್ತಿರುವವರು. ತಂಗಿಯ ಗಂಡ ಸುರೇಶ್ ಮಸ್ಕತ್ತಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ತಂಗಿ ಊರವರ ಮನೆಯ ಪರದೆ ಹೊಲಿಯುತ್ತಿದ್ದಳು. ಅವರ ಹೆಸರೆತ್ತಿದರೆ ಸಾಕು, ಇವನು ಮೂಗು ಮುರಿಯುತ್ತಿದ್ದ.

ಅಸಲಿ ತಲೆನೋವು ಕಂಪ್ಯೂಟರ್ ಅಲ್ಲ, ಯಲಹಂಕದ ಸೈಟು. ಅಮ್ಮ ಕೃಷ್ಣಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ತನ್ನ ಹೆಸರಿನಲ್ಲಿ ಕೊಂಡದ್ದು. ಹೊಸ ವಿಮಾನ ನಿಲ್ದಾಣ ಬಂದ ಮೇಲೆ ಅದರ ಬೆಲೆ ಮುಗಿಲು ಮುಟ್ಟಿತ್ತು. "ಅದು ಶಶಿಗೆ," ಎಂದು ಆಕೆ ಒಮ್ಮೆ ಬಾಯಿ ಬಿಟ್ಟಿದ್ದಳು. ರಘುನಾಥ ಮರುದಿನವೇ ವಕೀಲರ ಹತ್ತಿರ ಓಡಿದ. ತಂಗಿ ಖುದ್ದಾಗಿ ಬಂದು ನೋಂದಣಿ ಕಚೇರಿಯಲ್ಲಿ ಬೆರಳೊತ್ತದ ಹೊರತು ಸೈಟು ಅವಳದಾಗುವುದಿಲ್ಲ ಎಂದು ಅವರು ಹೇಳಿದರು. ಅಂದಿನಿಂದ ಅವನಿಗಿದ್ದದ್ದು ಒಂದೇ ಹಾರೈಕೆ. ಅವಳು ಈ ಕಡೆ ತಲೆ ಹಾಕಬಾರದು.

ಈ ಸಲ ರಜೆಗೆ ಬರುತ್ತೇನೆ ಎಂದು ಅವಳು ಫೋನಿನಲ್ಲಿ ಹೇಳಿದಾಗ ಅವನು ಅದನ್ನು ತಪ್ಪಿಸುವ ಉಪಾಯ ಹುಡುಕತೊಡಗಿದ. ದಾರಿ ತೋರಿಸಿದವಳು ಅಮ್ಮನೇ.

"ನಿನ್ನ ಹಳೇ ಕಂಪ್ಯೂಟರ್ ಅವಳಿಗೆ ಕಳ್ಸೋ ರಘು. ಅದೇನೋ ಸ್ಕೈಪು ಅಂತಾರಲ್ಲ, ಮುಖ ನೋಡ್ಕೊಂಡು ಮಾತಾಡಿದ್ರೆ ಸಾಕು ನಂಗೆ. ಅಷ್ಟು ದುಡ್ಡು ಸುರಿದು ಅವಳ್ಯಾಕೆ ಬರ್ಬೇಕು?"

ಮುದುಕಿಗೆ ಅರಳುಮರಳು ಎಂದುಕೊಂಡು ರಘುನಾಥ ಒಳಗೊಳಗೇ ಕುಣಿದ. ಆ ಯಂತ್ರಕ್ಕೆ ಜೀವವೇ ಇಲ್ಲವೆಂದು ಆಕೆಗೆ ಹೇಳುವ ಗೋಜಿಗೆ ಹೋಗಲಿಲ್ಲ. "ಅವಳ ಹೆಸರಿಗೇ ಕಳ್ಸು, ಅವಳೇ ಹೋಗಿ ಬಿಡಿಸ್ಕೊಳ್ಳಲಿ," ಎಂದು ಆಕೆ ಸೇರಿಸಿದಾಗಲಂತೂ ಸಂತೋಷ ಉಕ್ಕಿತು. ಪೆಟ್ಟಿಗೆ ಸುಂಕದಲ್ಲಿ ಸಿಕ್ಕಿಬಿದ್ದರೆ ತಂಗಿಯ ರಜೆಯೆಲ್ಲ ಅಲ್ಲೇ ಕರಗುತ್ತದೆ. ಇಷ್ಟು ಬುದ್ಧಿ ತನಗೊಬ್ಬನಿಗೇ ಹೊಳೆಯುತ್ತದೆ ಎಂದು ಅವನು ಕನ್ನಡಿಯ ಮುಂದೆ ನಿಂತು ಮೀಸೆ ತೀಡಿಕೊಂಡ.

ಪೆಟ್ಟಿಗೆ ಅವನೆಣಿಸಿದಂತೆಯೇ ಮಸ್ಕತ್ತಿನ ಕಸ್ಟಮ್ಸ್‌ನಲ್ಲಿ ನಿಂತಿತು. ರಘುನಾಥ ಫೋನ್ ಮಾಡಿದ.

"ಏನಪ್ಪಾ ಸುರೇಶ, ಶಶಿ ಎಲ್ಲಿ?"

"ಕಸ್ಟಮ್ಸ್ ಆಫೀಸಿಗೆ ಹೋಗಿದಾಳೆ ಭಾವ. ಬೆಳಗ್ಗೆಯಿಂದ ಲೈನಲ್ಲಿ ನಿಂತಿದಾಳೆ."

"ನಿಲ್ಲಲಿ, ನಿಲ್ಲಲಿ. ಕಂಪ್ಯೂಟರ್ ಅಂದ್ರೆ ಸುಮ್ನೆನಾ?"

ಮರುದಿನವೂ ಅದೇ ಉತ್ತರ. ಆ ದೇಶದಲ್ಲಿ ಕಚೇರಿಗಳು ಬಾಗಿಲು ಹಾಕುವ ಶುಕ್ರವಾರವೂ ಅದೇ ಉತ್ತರ. ರಘುನಾಥ ವಾರ ನೋಡುವ ಸ್ಥಿತಿಯಲ್ಲಿರಲಿಲ್ಲ. ತಂಗಿ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿರುವುದನ್ನು ಹೆಂಡತಿ ವನಿತಾಳಿಗೆ ನಟಿಸಿ ತೋರಿಸಿದ. ಅವಳು ಹೊಟ್ಟೆ ಹಿಡಿದು ನಕ್ಕಳು. ಅವತ್ತು ಇಬ್ಬರಿಗೂ ಊಟ ಚೆನ್ನಾಗಿ ಸೇರಿತು.

ಅಮ್ಮನಿಗೂ ಸುದ್ದಿ ಮುಟ್ಟಿಸಿದ. ಆಕೆ "ಹೌದಾ, ಪಾಪ," ಎಂದಳು. ಆಮೇಲೆ ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ನಾಗಸಂದ್ರದಲ್ಲಿರುವ ತನ್ನ ತಂಗಿ ಮುನಿಕೆಂಪಮ್ಮನ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದಳು. ಪೀಡೆ ತೊಲಗಲಿ ಎಂದು ರಘುನಾಥನೇ ಕಾರಿನಲ್ಲಿ ಬಿಡಲು ಹೋದ. ದಾರಿಯಲ್ಲಿ ಫೋಟೋ ಸ್ಟುಡಿಯೋ ಕಂಡಾಗ ನಿಲ್ಲಿಸು ಎಂದಳು. ಬಸ್ ಪಾಸಿಗೆ ಫೋಟೋ ಬೇಕಂತೆ. ಬಸ್ಸಿನ ಮೆಟ್ಟಿಲು ಹತ್ತಲಾರದವಳಿಗೆ ಪಾಸು ಬೇರೆ ಕೇಡು ಎಂದು ಅವನು ಸ್ಟೀರಿಂಗ್ ಹಿಡಿದೇ ನಕ್ಕ. ಅವಳ ಚೀಲದ ತುಂಬ ಕೋಡುಬಳೆ ಇತ್ತು. ಮುನಿಕೆಂಪಮ್ಮನಿಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮುದುಕಿಯರ ಹುಚ್ಚಾಟ ಕಟ್ಟಿಕೊಂಡು ತನಗೇನು ಎಂದು ಅವನು ಗೇಟಿನಲ್ಲೇ ಇಳಿಸಿ, ಒಳಗೂ ಹೋಗದೆ ಗಾಡಿ ತಿರುಗಿಸಿದ.

ಅಮ್ಮ ಮನೆಗೆ ಮರಳಿದ ಸಂಜೆ ಖಾದರ್ ಬಾಷಾ ಫೋನ್ ಮಾಡಿದ.

"ಸಾರ್, ನಿಮ್ಮ ಬಾಕ್ಸ್ ವಾಪಸ್ ಕಳಿಸ್ತಿದಾರೆ. ನೀವು ಬರೆಸಿದ್ರಲ್ಲ ಬೆಲೆ, ಅದರ ಮೇಲೆ ಇಲ್ಲಿ ನೀವೇ ಸುಂಕ ಕಟ್ಟಿ ಬಿಡಿಸ್ಕೋಬೇಕಾಗುತ್ತೆ."

"ವಾಪಸ್ ಯಾಕಯ್ಯಾ? ನನ್ನ ತಂಗಿ ದಿನಾ ಹೋಗಿ ನಿಲ್ತಿದಾಳಲ್ಲ ಅಲ್ಲಿ?"

"ಯಾರೂ ಬಂದಿಲ್ವಂತೆ ಸಾರ್. ಒಂದ್ ಸಲಾನೂ."

ರಘುನಾಥ ಫೋನು ಕಿವಿಗಿಟ್ಟುಕೊಂಡೇ ತಿರುಗಿದ. ಅಮ್ಮ ಕಾಲು ತೊಳೆದು ಬಂದು ಕುರ್ಚಿಯಲ್ಲಿ ಆರಾಮಾಗಿ ಕೂತು ಕಾಫಿ ಕುಡಿಯುತ್ತಿದ್ದಳು.

"ಅಮ್ಮಾ, ಶಶಿ ಎಲ್ಲಿ?" ಎಂದ.

"ಈಗ ತಾನೇ ವಿಮಾನ ಹತ್ತಿಸಿ ಬಂದೆ ಕಣೋ. ನೀನು ಯಾವುದನ್ನೂ ನೆಟ್ಟಗೆ ಕಳ್ಸೋನಲ್ಲ ಅಂತ ನಂಗೊತ್ತಿಲ್ವಾ? ನೀನು ಅವಳನ್ನ ಮಸ್ಕತ್ತಿನ ಲೈನಲ್ಲಿ ನಿಲ್ಲಿಸ್ಕೊಂಡು ನಗ್ತಿದ್ದಾಗ, ಅವಳು ಯಲಹಂಕದಲ್ಲಿ ನನ್ ಪಕ್ಕ ಕೂತು ಬೆರಳೊತ್ತುತಿದ್ಲು."